ಬಾಗಿಲು ಮುಚ್ಚಿದ ನಡುಮನೆಯಲ್ಲಿ ಬೆಂದ ಕಡುಬು

ಅಡುಗೆ ಬರುವುದಕ್ಕಿಂತ, ನನಗೆ ಅಡುಗೆ ಬರುತ್ತದೆ ಎಂದು ನಂಬಿಕೊಂಡಿರುವುದರಲ್ಲಿ ಹೆಚ್ಚು ಸುಖವಿದೆ. ಆ ಸುಖವನ್ನು ನಾನು ಮದುವೆಯಾದ ಮೇಲೆ ಏಳು ವರ್ಷ ನಿರಾತಂಕವಾಗಿ ಅನುಭವಿಸಿದೆ. ಯಸಳೂರಿನ ಹತ್ತಿರದ ನಮ್ಮ ಮನೆಯಲ್ಲಿ ನಾನು ಮಾಡಿದ ಸಾರನ್ನು ಯಾರೂ ಹಳಿಯಲಿಲ್ಲ, ಪಲ್ಯವನ್ನು ಯಾರೂ ಮಿಗಿಸಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಸಂಜೆ ಬಸ್ಸಿಳಿದು ಬಂದು, ಅರ್ಧ ಗಂಟೆಯಲ್ಲಿ ನಾಲ್ಕು ಜನಕ್ಕೆ ಅಡುಗೆ ಮುಗಿಸುತ್ತಿದ್ದ ನನ್ನನ್ನು ನಾನೇ ಬಹಳ ಮೆಚ್ಚಿಕೊಂಡಿದ್ದೆ. ಕಡುಬು ಮಾತ್ರ ಅತ್ತೆಯ ಇಲಾಖೆ. ಅಕ್ಕಿ ತರಿಯನ್ನು ಬೇಯಿಸಿ, ನಾದಿ, ಉಂಡೆ ಕಟ್ಟಿ ಹಬೆಯಲ್ಲಿಡುವ ಆ ಕೆಲಸಕ್ಕೆ ಅವರು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ನಾನೂ ಮೇಲೆ ಬಿದ್ದು ಹೋದವಳಲ್ಲ.

ಒಂದು ಕಾಫಿ ಕೊಯ್ಲಿನ ಹೊತ್ತಿಗೆ ಅತ್ತೆ ತೀರಿಕೊಂಡರು. ಅಲ್ಲಿಂದ ನನ್ನ ಕೈ ಕೆಟ್ಟಿತು. ಅದೇ ಪಾತ್ರೆ, ಅದೇ ಖಾರದ ಪುಡಿ, ಆದರೂ ಸಾರು ಒಂದು ದಿನ ಸಪ್ಪೆ, ಮರುದಿನ ಬಾಯಿಗಿಡಲಾರದಷ್ಟು ಉಪ್ಪು. ನಮ್ಮವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮಾವ ಉಣ್ಣುತ್ತಲೇ ಇರಲಿಲ್ಲ. ಎರಡು ತುತ್ತು ಗಂಜಿ ಕುಡಿದು, 'ಸಾಕು ಕಣವ್ವ' ಎಂದು ಎದ್ದುಬಿಡುತ್ತಿದ್ದರು. ಏಳೆಂಟು ತಿಂಗಳಲ್ಲಿ ಅವರ ಷರಟಿನ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಾಯಿತು. ಸಕಲೇಶಪುರದ ಡಾಕ್ಟರು ನೋಡಿ, ರೋಗವೇನೂ ಇಲ್ಲ, ಊಟ ಮಾಡಿಸಿ, ಹೀಗೇ ಆದರೆ ಮುಂದಿನ ಮಳೆಗಾಲ ಕಷ್ಟ ಎಂದರು. ಅದನ್ನು ಕೇಳಿಕೊಂಡು ಬಂದ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಮಾವ ಬಾಯಿಬಿಟ್ಟು ಕೇಳಿದ್ದು ಒಂದೇ, ಅದೂ ಒಂದೇ ಸಲ: 'ಕಡುಬು ಮಾಡಕ್ಕೆ ಬತ್ತದಾ ನಿಂಗೆ?'

ನನ್ನ ಸಂಕಟ ನೋಡಲಾರದೆ ನಮ್ಮವರು ಹಾಸನದಿಂದ ಒಂದು ಮಿಷನ್ನು ತಂದರು. ಗಾಜಿನ ಮುಚ್ಚಳ, ಮೈತುಂಬ ಗುಂಡಿಗಳು. ಬೇಯಿಸುವುದು, ಹುರಿಯುವುದು, ಹಬೆಯಾಡಿಸುವುದು, ಕೇಕು, ಬ್ರೆಡ್ಡು, ಎಲ್ಲವೂ ಅದೊಂದರಲ್ಲೇ. ಕರೆಂಟು ಹೋದರೆ ಎಲ್ಲಿಗೆ ನಿಲ್ಲಿಸಿತ್ತೆಂದು ನೆನಪಿಟ್ಟುಕೊಂಡು, ಬಂದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತದೆ ಎಂದು ಜೊತೆಗಿದ್ದ ಪುಸ್ತಕದಲ್ಲಿ ಬರೆದಿತ್ತು. ಅಷ್ಟು ನೆನಪಿನ ಶಕ್ತಿ ನನ್ನ ಹತ್ತನೇ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ. ಅದರ ದಪ್ಪ ಪ್ಲಗ್ಗು ಹಿಡಿಸುವ ಪಾಯಿಂಟು ಅಡುಗೆಮನೆಯಲ್ಲಿ ಇಲ್ಲದ್ದರಿಂದ ನಡುಮನೆಯ ಸ್ಟೂಲಿನ ಮೇಲೆ ಕೂರಿಸಿದೆವು. ಮೇಲುಗಡೆ ಗೋಡೆಯಲ್ಲಿ ಅತ್ತೆಯ ಫೋಟೋ. ಮಿಷನ್ನು ಆನ್ ಮಾಡಿದಾಗಲೆಲ್ಲ ಅದರ ಹಸಿರು ದೀಪ ಫೋಟೋದ ಗಾಜಿನಲ್ಲಿ, ಸರಿಯಾಗಿ ಕನ್ನಡಕದ ಜಾಗದಲ್ಲಿ ಹೊಳೆಯುತ್ತಿತ್ತು. ಬೆಳಕಿನ ಪ್ರತಿಫಲನ ಎಂದು ನನಗೆ ನಾನೇ ಪಾಠ ಮಾಡಿಕೊಂಡು, ಆ ಕಡೆ ನೋಡದೆ ಗುಂಡಿ ಒತ್ತುವುದನ್ನು ಅಭ್ಯಾಸ ಮಾಡಿಕೊಂಡೆ.

ಮೊದಲ ಕೇಕು ತಳ ಸೀದು, ಮೇಲೆ ಹಸಿಯಾಗಿತ್ತು. ಬಾಳೆಹಣ್ಣಿನ ಬ್ರೆಡ್ಡು ಉಬ್ಬುತ್ತ ಉಬ್ಬುತ್ತ ಮುಚ್ಚಳವನ್ನೇ ಎತ್ತಿತು, ಇಳಿಸುವಾಗ ನಿಟ್ಟುಸಿರು ಬಿಟ್ಟು ಕುಸಿಯಿತು. ರಾಗಿ ಬಿಸ್ಕತ್ತನ್ನು ಮಾವ ಕಾಫಿಯಲ್ಲಿ ಅದ್ದಿದರು. ಕಾಫಿ ಮುಗಿಯಿತು, ಬಿಸ್ಕತ್ತು ಹಾಗೇ ಇತ್ತು. ಪಕ್ಕದ ಮನೆಯ ಗಿರಿಜಕ್ಕ ಒಂದು ಮಧ್ಯಾಹ್ನ ಬಂದವರು ಮಿಷನ್ನಿನ ಮುಂದೆ ಬಹಳ ಹೊತ್ತು ನಿಂತು, 'ಇದು ಉಸ್ರಾಡ್ತೈತೆ ಕಣ್ರೀ ಟೀಚರೇ' ಎಂದರು. ಬಿಸಿಯಾದ ಲೋಹ ತಣ್ಣಗಾಗುವಾಗ ಕುಗ್ಗುವ ಸದ್ದು ಅದು ಎಂದು ವಿವರಿಸಿದೆ. ಅವರು ಹೋದ ಮೇಲೆ ನೋಡಿದರೆ, ಆ ದಿನ ನಾನು ಮಿಷನ್ನನ್ನು ಮುಟ್ಟೇ ಇರಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಅತ್ತೆಯ ಹೆಸರಿನಲ್ಲಿ ಮೊದಲ ಎಡೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ನಡುಮನೆಯಲ್ಲಿ ಎಲೆ ಹಾಕಿ ಬಡಿಸಿ, ಅವರ ಸೀರೆ, ಎಲೆಅಡಿಕೆ ಇಟ್ಟು ದೀಪ ಹಚ್ಚುತ್ತೇವೆ. ಆಮೇಲೆ ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲ ಬಳಿ ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಬೇಕು. ಎಡೆಯ ಅಡುಗೆಯನ್ನು ಮಾತ್ರ ಯಾರೂ ಮೊದಲೇ ರುಚಿ ನೋಡುವಂತಿಲ್ಲ. ಹತ್ತು ಸಲ ರುಚಿ ನೋಡಿಯೂ ಕೆಡಿಸುತ್ತಿದ್ದ ನನಗೆ ಇದೆಂಥ ಪರೀಕ್ಷೆ ಎಂದು ನೀವೇ ಯೋಚಿಸಿ. ಅದರ ಮೇಲೆ ಕಡುಬು ಬೇರೆ ಆಗಬೇಕು.

ತರಿ ಬೇಯಿಸಿ, ನಾದಿ, ಇಪ್ಪತ್ತು ಉಂಡೆ ಕಟ್ಟಿದೆ. ಮೊದಲ ಹತ್ತು ಮಿಷನ್ನಿನಲ್ಲಿ ಬೆಂದವು. ಮೂರನ್ನು ಎಲೆಗೆ ಬಡಿಸಿ, ಉಳಿದವನ್ನು ಬುಟ್ಟಿಯಲ್ಲಿ ಮುಚ್ಚಿ ಅಡುಗೆಮನೆಯಲ್ಲಿಟ್ಟೆ. ಎರಡನೆಯ ಹತ್ತನ್ನು ಒಳಗಿಟ್ಟು ಎರಡು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಹೊತ್ತು ಮೀರುತ್ತಿತ್ತು. ಅವು ಹಸಿಯಾಗಿಯೇ ಒಳಗಿರಲಿ ಎಂದು ಬಿಟ್ಟು, ಕೋಳಿ ಸಾರು ಬಡಿಸಿ, ದೀಪ ಹಚ್ಚಿ ಹೊರಗೆ ಬಂದೆವು. ನಮ್ಮವರು ಬಾಗಿಲೆಳೆದುಕೊಂಡರು. ಮಟಮಟ ಮಧ್ಯಾಹ್ನ, ಜಗಲಿಯಲ್ಲಿ ನಾವು ಮೂವರು. ಅಂಗಳದಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ.

ಒಳಗೆ ಮಿಷನ್ನು ಮೂರು ಸಲ ಕೀ ಕೀ ಎಂದಿತು. ಆಮೇಲೆ ನೀರು ಕುದಿಯುವ ಸದ್ದು. ಅದರ ಹಿಂದೆಯೇ ಮುಚ್ಚಳ ಟಣಟಣ ಅಲುಗಿತು, ಯಾರೋ ಎತ್ತಿ ನೋಡಿ ಮತ್ತೆ ಮುಚ್ಚಿದ ಹಾಗೆ. 'ಕರೆಂಟ್ ಬಂದಿರ್ಬೇಕು ಕಣೆ' ಎಂದು ನಮ್ಮವರು ಪಿಸುಗುಟ್ಟಿದರು. ಅವರ ಮುಖ ನೋಡಿದರೆ ಅವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಮಾವ ಮಾತ್ರ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಒಂಬತ್ತು ತಿಂಗಳಲ್ಲಿ ಕಾಣದ ಒಂದು ಕಳೆ ಅವರ ಮುಖದಲ್ಲಿತ್ತು.

'ಬಂದವ್ಳೆ' ಎಂದರು. 'ಸುಮ್ನಿರ್ರಿ. ಒಲೆ ಮುಂದೆ ಇರೋವಾಗ ಮಾತಾಡುದ್ರೆ ಅವಳಿಗಾಗಕಿಲ್ಲ.'

ಎಷ್ಟು ಹೊತ್ತು ನಿಂತೆವೋ ತಿಳಿಯದು. ಮಿಷನ್ನು ಕೊನೆಯ ಸಲ ಕೂಗಿ ಸುಮ್ಮನಾದ ಮೇಲೆ ಮಾವ ಕೆಮ್ಮಿ ಬಾಗಿಲು ತೆರೆದರು. ನಡುಮನೆಯ ತುಂಬ ಹಬೆ. ಫೋಟೋದ ಗಾಜು ಮಂಜು ಹಿಡಿದು, ಅತ್ತೆಯ ಮುಖವೇ ಕಾಣುತ್ತಿರಲಿಲ್ಲ. ಮಾವ ಎಲೆಯ ಕಡೆ ನೋಡಲೇ ಇಲ್ಲ. ನೇರ ಮಿಷನ್ನಿನ ಬಳಿ ಹೋಗಿ, ಮುಚ್ಚಳ ತೆಗೆದು, ಬಿಸಿ ಕಡುಬನ್ನು ಕೈಯಿಂದ ಕೈಗೆ ಹಾರಿಸಿಕೊಂಡು ಅಲ್ಲೇ ನೆಲದ ಮೇಲೆ ಕುಳಿತರು. ಐದು ಕಡುಬು ತಿಂದರು. ಸಾರೂ ಬೇಡವೆಂದರು. ಕೊನೆಯದನ್ನು ನುಂಗಿ, 'ಇವತ್ತು ಉಪ್ಪು ಸರಿಯಾಗೈತೆ' ಎಂದರು.

ಅವರು ಉಂಡರೆಂದು ಕಣ್ಣು ತುಂಬಿ ಬಂತು. ಜೊತೆಗೇ ಸಿಟ್ಟೂ ಬಂತು, ಹಾಗಾದರೆ ಇಷ್ಟು ದಿನ? ಸಿಟ್ಟು ಇಳಿಸಿಕೊಳ್ಳಲು ಅಡುಗೆಮನೆಗೆ ಹೋದೆ. ತರಿಯ ಡಬ್ಬಿಯ ಪಕ್ಕದಲ್ಲಿ, ಕಡುಬಿಗೆಂದು ನಾನು ಅಳೆದಿಟ್ಟ ಉಪ್ಪು ಬಟ್ಟಲಿನಲ್ಲಿ ಹಾಗೇ ಇತ್ತು. ಹಾಕುವುದನ್ನೇ ಮರೆತಿದ್ದೆ. ಬುಟ್ಟಿಯಿಂದ ಮೊದಲ ಸರದಿಯ ಒಂದು ಕಡುಬು ಮುರಿದು ತಿಂದೆ. ಶುದ್ಧ ಸಪ್ಪೆ. ನಡುಮನೆಗೆ ಬಂದು ಮಿಷನ್ನಿನಿಂದ ಒಂದನ್ನು ತೆಗೆದು ತಿಂದೆ. ಉಪ್ಪು ಸರಿಯಾಗಿತ್ತು. ಒಂದೇ ಹಿಟ್ಟು, ಒಂದೇ ಕೈ.

ನಮ್ಮವರಿಗೆ ಗುಟ್ಟಾಗಿ ಹೇಳಿದೆ. ಮಿಷನ್ನಿಗೆ ಹಾಕಿದ ನೀರಿನಲ್ಲೇ ಉಪ್ಪಿರಬೇಕು ಎಂದರು. ನಮ್ಮದು ಗುಡ್ಡದಿಂದ ಬರುವ ಒರತೆಯ ನೀರು, ಅದಕ್ಕಿಂತ ಸಿಹಿನೀರು ಈ ಸೀಮೆಯಲ್ಲಿಲ್ಲ. ಮರುದಿನ ಗಿರಿಜಕ್ಕ ಬೇಲಿಯ ಆಚೆಯಿಂದ, 'ನಮ್ಮನೇಲಿ ಕರೆಂಟು ಬಂದಾಗ ಸಂಜೆ ನಾಕು ಗಂಟೆ ಕಣ್ರೀ' ಎಂದರು. ಎರಡೂ ಮನೆಗೆ ಒಂದೇ ಕಂಬ. ನಮ್ಮವರು ಫೇಸು ಬೇರೆ ಇರಬೇಕು ಎಂದರು. ನಾನೂ ಹೌದು ಫೇಸು ಎಂದೆ. ಗಂಡ ಹೇಳಿದ್ದನ್ನು ನಾನು ಅಷ್ಟು ಬೇಗ ಒಪ್ಪಿಕೊಂಡದ್ದು ಅದೇ ಮೊದಲು.

ಆದರೂ ತಡೆಯಲಾರದೆ ಎರಡು ದಿನ ಬಿಟ್ಟು ಮಾವನನ್ನು ಕೇಳಿದೆ, 'ನನ್ನ ಅಡುಗೆಗೆ ಯಾವಾಗಿನಿಂದ ಉಪ್ಪು ಸರಿ ಇಲ್ಲ ಮಾವ?' ಅವರು ಅಗಿಯುತ್ತಿದ್ದ ಎಲೆಅಡಿಕೆಯನ್ನು ಅಂಗಳಕ್ಕೆ ಉಗಿದು ಬಂದರು.

'ಯಾವತ್ತೂ ಇರ್ಲಿಲ್ಲ ಕಣವ್ವ. ನೀನು ಕೈ ತೊಳ್ಯಕ್ಕೆ ಹಿತ್ಲಿಗೆ ಹೋದಾಗ ಅವಳು ರುಚಿ ನೋಡಿ ಸರಿ ಮಾಡ್ಬುಡೋಳು. ಜಾಸ್ತಿಯಾಗಿದ್ರೆ ನೀರು, ಕಮ್ಮಿಯಾಗಿದ್ರೆ ಉಪ್ಪು. ಓದ್ಕಂಡಿರೋ ಹುಡ್ಗಿ, ಬೇಜಾರ್ ಮಾಡ್ಕತಾಳೆ, ಬಾಯಿಬಿಟ್ಟೀರ ಅಂತ ನಂಗೆ ಆಣೆ ಹಾಕ್ಸಿದ್ಲು.'

ನಾನು ಹಿತ್ತಲಿಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ. ಏಳು ವರ್ಷ ಆ ಹೆಂಗಸನ್ನು ನಾನು ಬಿಗುಮಾನದವಳು ಎಂದುಕೊಂಡಿದ್ದೆ.

ಈಗ ಮಾವ ಉಣ್ಣುತ್ತಾರೆ, ಕಾಲರು ತುಂಬಿಕೊಂಡಿದೆ. ಭಾನುವಾರ ಭಾನುವಾರ ಕಡುಬು ಕೇಳುತ್ತಾರೆ. ಉಪ್ಪಿಲ್ಲದೆ ಹಿಟ್ಟು ನಾದಿ, ಉಂಡೆಗಳನ್ನು ಮಿಷನ್ನಿನಲ್ಲಿಟ್ಟು, ಪಕ್ಕದಲ್ಲಿ ಉಪ್ಪಿನ ಬಟ್ಟಲಿರಿಸಿ, ನಡುಮನೆಯ ಬಾಗಿಲು ಮುಚ್ಚಿಕೊಂಡು ನಾನು ಹೊರಗೆ ನಿಲ್ಲುತ್ತೇನೆ. ಒಂದು ಸಲ ಉಪ್ಪು ಹಾಕಿಯೇ ಮಾಡಿ ನೋಡು ಎಂದು ನಮ್ಮವರು ಹೇಳುತ್ತಾರೆ. ಅತ್ತೆ ಬಂದಾರೆಂಬ ಭಯ ನನಗೆ ಈಗ ಇಲ್ಲ. ಒಂದು ದಿನ ಮುರಿದು ಬಾಯಿಗಿಟ್ಟಾಗ ಸಪ್ಪೆಯಿದ್ದರೆ ಎಂಬುದೇ ಭಯ. ಆದ್ದರಿಂದ ನನ್ನ ಎಲೆಗೆ ಕಡುಬನ್ನೇ ಹಾಕಿಕೊಳ್ಳುವುದಿಲ್ಲ. ಮಾವ ಎರಡನೆಯದಕ್ಕೆ ಕೈ ಚಾಚುವುದನ್ನು ನೋಡಿ, ಸರಿಯಾಗಿದೆ ಎಂದು ಬರೆದುಕೊಳ್ಳುತ್ತೇನೆ. ಪ್ರಯೋಗವನ್ನೇ ಮಾಡದೆ ಫಲಿತಾಂಶ ಬರೆದು ತಂದ ಮಕ್ಕಳನ್ನು ಈಗೀಗ ನಾನು ಬೈಯುವುದನ್ನೂ ಬಿಟ್ಟಿದ್ದೇನೆ.