ಯೂನಿವರ್ಸಿಟಿಗೆ ಹೋದ ಗಲೀಜು ನೀರು

ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಯೂನಿವರ್ಸಿಟಿಯ ಒಂದು ಸಂಶೋಧನೆಯನ್ನು ಹಾಳು ಮಾಡಿದವಳು ನಾನು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೇನು ಸಣ್ಣ ಸಾಧನೆಯಲ್ಲ. ಫೋನಿನಲ್ಲಿ ಟೈಪ್ ಮಾಡುವುದು ಕಲಿತು ಇನ್ನೂ ತಿಂಗಳಾಗಿಲ್ಲ. ಇಷ್ಟು ಒತ್ತುವುದರೊಳಗೆ ಹಾಲು ಉಕ್ಕಿ ಒಲೆ ಆರಿತು.

ಮೊಮ್ಮಗಳು ಸಹನಾ ಕೊಳೆ ನೀರು ತಿಳಿ ಮಾಡುವ ನ್ಯಾನೋ ಪುಡಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಅದರ ಒಂದು ಕಣ ಕಣ್ಣಿಗೆ ಕಾಣುವುದಿಲ್ಲವಂತೆ. ನೀರಿಗೆ ಹಾಕಿದರೆ ಕೊಳೆಯನ್ನು ತಬ್ಬಿಕೊಳ್ಳುತ್ತದಂತೆ, ಆಮೇಲೆ ಆಯಸ್ಕಾಂತ ಹಿಡಿದರೆ ಕೊಳೆ ಸಮೇತ ಪಕ್ಕಕ್ಕೆ ಬರುತ್ತದಂತೆ. ನಾನು ನಂಬಿದೆ. ಕಾಣದ್ದನ್ನು ನಂಬುವುದು ದಿನಾ ದೇವರ ಮುಂದೆ ಕೂರುವವಳಿಗೆ ಹೊಸದೇನಲ್ಲ.

ಅವಳಿಗೆ ಬೇಕಾಗಿದ್ದದ್ದು ನಮ್ಮ ಬಸರೀಕಟ್ಟೆಯ ಕಾಫಿ ಪಲ್ಪರ್ ನೀರು. ಯಂತ್ರ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಚರಂಡಿಗೆ ಹರಿಯುವ ಆ ಕಂದು ನೀರು ಎರಡು ದಿನ ನಿಂತರೆ ಮೂಗು ಮುಚ್ಚದೆ ಹತ್ತಿರ ಹೋಗಲಾಗದು. ನಾಲ್ಕು ಬಾಟಲಿ ಕೊಟ್ಟು, "ಪಲ್ಪರ್ ಓಡಿದ ದಿನ ತುಂಬಿಸಿ ಬಸ್ಸಿಗೆ ಹಾಕಿಸು ಅಜ್ಜಿ" ಎಂದು ಹೋದಳು.

ತುಂಬಿಸಿದೆ. ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ಥೂ! ನಮ್ಮ ಮನೆಯಿಂದ ಇಂಥದ್ದು ಯೂನಿವರ್ಸಿಟಿಗೆ ಹೋಗುವುದೇ? ಅವಳ ಗೈಡ್ ಮೇಡಂ ಏನೆಂದುಕೊಂಡಾರು? ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ, ಇದ್ದಿಲಿನ ಮೇಲೆ ಹರಿಸಿದೆ, ಪಟಿಕ ಆಡಿಸಿ ಒಂದು ದಿನ ಇಟ್ಟು ಮೇಲಿನ ತಿಳಿ ಬಸಿದೆ. ವಾಸನೆ ಹೋಗಲೆಂದು ಲಾವಂಚದ ಬೇರು ಕೂಡ ಹಾಕಿ ತೆಗೆದೆ. ಬಸ್ಸಿಗೆ ಹಾಕಲು ಒಯ್ಯಲು ಬಂದ ಜೀಪಿನ ಪ್ರಭಾಕರ ಬಾಟಲಿ ನೋಡಿ, "ಎಂತ ಅಜ್ಜಿ, ಯೂನಿವರ್ಸಿಟಿಯಲ್ಲಿ ನೀರಿಲ್ವಾ?" ಎಂದು ನಕ್ಕ.

ನಾಲ್ಕು ದಿನಕ್ಕೆ ಸಹನಾಳ ಫೋನು. "ಅಜ್ಜಿ, ನೀನು ಎಂತ ಮಾಡಿದ್ದು ಹೇಳು."

"ಎಂತ ಇಲ್ಲ ಮಾರಾಯ್ತಿ. ಸ್ವಲ್ಪ ಸೋಸಿದೆ."

"ಸ್ವಲ್ಪವಾ? ನನ್ನ ಪುಡಿಗೆ ಕೆಲಸವೇ ಇಲ್ಲ! ಸೋಮವಾರ ಎಲ್ಲರ ಮುಂದೆ ತೋರಿಸಬೇಕು. ಈ ಸಲ ತಪ್ಪಿದರೆ ಮುಂದಿನ ಕಾಫಿ ಕೊಯ್ಲಿನವರೆಗೆ ಕಾಯಬೇಕು."

ಮಗುವಿನ ಒಂದು ವರ್ಷವನ್ನು ನಾನು ಸೀರೆಯಲ್ಲಿ ಸೋಸಿ ಚೆಲ್ಲಿದ್ದೆ. "ಮೇಡಂಗೆ ನನ್ನ ಹೆಸರೇ ಹೇಳು, ನಿಂದೇನೂ ತಪ್ಪಿಲ್ಲ ಅಂತ" ಎಂದೆ.

"ಹೇಳಿ ಆಯ್ತು, ಸರಿಯಾಗಿ ವಿವರಿಸದೇ ಇದ್ದದ್ದು ನಾನು ಅಂತ. ಅವರು ನಕ್ಕು ಬಿದ್ದರು. ಇನ್ನೊಂದು ಸಲ ಕಳಿಸಕ್ಕೆ ಆಗ್ತದಾ?"

ಪುಣ್ಯಕ್ಕೆ ಕೊನೆಯ ಒಂದು ರಾಶಿ ಹಣ್ಣು ಉಳಿದಿತ್ತು. ಮರುದಿನ ಪಲ್ಪರ್ ಓಡಿತು. ಸೀರೆ ಎತ್ತಿ ಕಟ್ಟಿ ಚರಂಡಿಗೇ ಇಳಿದೆ. ಎಲ್ಲಿ ಹೆಚ್ಚು ಕೊಳೆ ಎಂದು ಆರಿಸಿ ಆರಿಸಿ ತುಂಬಿಸಿದೆ. ಮನೆಗೆ ತಂದ ಮೇಲೆ ಕೈ ತುರಿಸಿತು; ಸುಳ್ಳು ಹೇಳಲಾರೆ, ಪಟಿಕದ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದೆ. ಕೊನೆಗೆ ಪ್ರಭಾಕರನನ್ನು ಕೂಗಿ, "ಬೇಗ ತಗೊಂಡು ಹೋಗು ಮಾರಾಯ, ನನ್ನ ಕಣ್ಣೆದುರು ಇಡಬೇಡ" ಎಂದೆ.

ಸೋಮವಾರ ಸಂಜೆ ಅವಳು ಫೋನಿನಲ್ಲೇ ಕುಣಿದಳು. ನೀರು ತಿಳಿಯಾಯಿತಂತೆ, ಎಲ್ಲರೂ ಒಪ್ಪಿದರಂತೆ. ನಾನು ಕಣ್ಣೊರೆಸಿಕೊಂಡೆ. ಬೈಯದೆ, ತಪ್ಪನ್ನು ತನ್ನ ತಲೆಗೆ ಹಾಕಿಕೊಂಡ ಆ ಹುಡುಗಿಗೂ, ಕಾಣದ ಆ ಪುಡಿಗೂ ಮನಸ್ಸಿನಲ್ಲೇ ಕೈ ಮುಗಿದೆ.

"ಅಜ್ಜಿ, ಥೀಸಿಸ್‌ನಲ್ಲಿ ಥ್ಯಾಂಕ್ಸ್ ಅಂತ ಒಂದು ಪುಟ ಇರ್ತದೆ. ನಿನ್ನ ಹೆಸರು ಹಾಕ್ತೇನೆ. ಯಾವುದಕ್ಕೆ ಅಂತ ಬರೀಲಿ?"

"ಎರಡನೇ ಸಲ ಏನೂ ಮಾಡದೇ ಇದ್ದದ್ದಕ್ಕೆ ಅಂತ ಬರಿ" ಎಂದೆ.

ಐವತ್ತು ವರ್ಷದ ಸಂಸಾರದಲ್ಲಿ ಮಾಡಿದ ಕೆಲಸಕ್ಕೆ ಒಂದು ಥ್ಯಾಂಕ್ಸ್ ಕೇಳಿದ ನೆನಪಿಲ್ಲ ನನಗೆ. ಮಾಡದ ಕೆಲಸಕ್ಕೆ ಮಾತ್ರ ಅಚ್ಚಾಗಿ ಬರುತ್ತಿದೆ.