ನಮ್ಮನೆಯವರು ಕಟ್ಟಿದ ಕಾರು, ಕಟ್ಟದೆ ಬಿಟ್ಟ ವೈರು

ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತದೆ, ಕೆಲವರ ಮನೆಯಲ್ಲಿ ಹೆಂಚು ಸೋರುತ್ತದೆ. ನಮ್ಮ ಮನೆಯಲ್ಲಿ ಕರೆಂಟು ಸೋರುತ್ತಿತ್ತು, ಅದೂ ಕಾರಿನಲ್ಲಿ. ಒಂದು ಅವಾಂತರ ಊರವರ ಬಾಯಲ್ಲಿ ಹಳಸುವ ಮೊದಲೇ ಇನ್ನೊಂದು ಬಿಸಿಬಿಸಿಯಾಗಿ ಸಿದ್ಧವಾಗುತ್ತಿತ್ತು.

ನಮ್ಮನೆಯವರು ಹೊಳೆನರಸೀಪುರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ತೊಂಬತ್ತರ ದಶಕದ ಶುರುವಿನಲ್ಲಿ ಇವರಿಗೆ ಸ್ವಂತ ಕೈಯಲ್ಲಿ ಕಾರು ಕಟ್ಟುವ ಹುಚ್ಚು ಹತ್ತಿತು. ಹಾಸನದ ಗುಜರಿಯಿಂದ ಹಳೇ ಜೀಪಿನ ಚಾಸಿ ಬಂತು. ಇನ್ನೆಲ್ಲಿಂದಲೋ ಒಂದು ಎಂಜಿನ್ ಬಂತು. ಬೇಸಿಗೆ ರಜೆಯೆಲ್ಲ ಹಿತ್ತಲಲ್ಲಿ ತಗಡು ಬಡಿಯುವ ಸದ್ದು.

ಕಾರು ಓಡಿತು. ಸುಳ್ಳು ಹೇಳಬಾರದು. ಆದರೆ ವೈರುಗಳು ಡ್ಯಾಶ್‌ಬೋರ್ಡಿನ ಕೆಳಗೆ ಶಾವಿಗೆ ಹಾಗೆ ನೇತಾಡುತ್ತಿದ್ದವು. "ರೀ, ಅವನ್ನೆಲ್ಲ ಸೇರಿಸಿ ಕ್ಲಿಪ್ಪು ಹಾಕ್ಸಿ. ಯಾರಾದ್ರೂ ಎಲೆಕ್ಟ್ರಿಷಿಯನ್‌ಗೆ ತೋರ್ಸಿ" ಅಂದೆ.

"ಊರಿಗೆಲ್ಲ ವಿದ್ಯುತ್ತಿನ ಪಾಠ ಹೇಳೋನು ನಾನು. ನನ್ನ ವೈರಿಗೆ ಇನ್ನೊಬ್ಬ ಕೈ ಹಾಕ್ಬೇಕೇನೆ?" ಅಂದರು. ಅಲ್ಲಿಗೆ ನನ್ನ ಮಾತು ಮುಗಿಯಿತು, ವೈರುಗಳದ್ದು ಶುರುವಾಯಿತು.

ಲಾಡಿ

ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಲಂಗಗಳಲ್ಲಿ ಒಂದಕ್ಕೂ ಲಾಡಿ ಇಲ್ಲ. ಎಲ್ಲವೂ ಕಾರಿನಲ್ಲಿ ವೈರು ಕಟ್ಟುವ ಸೇವೆಗೆ ಹೋಗಿದ್ದವು. "ಕಟ್ಟಿ ಅಂದೋಳು ನೀನೇ ಅಲ್ವಾ?" ಅಂದರು.

ಅದೇ ವಾರ ಅರಕಲಗೂಡಿನಲ್ಲಿ ಇವರ ಹಳೇ ಹೆಡ್‌ಮಾಸ್ಟರು ತೀರಿಕೊಂಡರು. ಹೊರಟೆವು. ದಾರಿಯಲ್ಲಿ ಲಾಡಿಯ ಗಂಟು ಸಡಿಲಾಗಿ ವೈರುಗಳು ನನ್ನ ಕಾಲ ಮೇಲೆ ಇಳಿದವು. ಸಾವಿನ ಮನೆಯ ಬೀದಿಗೆ ತಿರುಗುವ ಹೊತ್ತಿಗೆ ನನ್ನ ಕಾಲುಂಗುರಕ್ಕೆ ಒಂದು ವೈರು ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕಾಲು ಎಳೆದೆ. ವೈರು ಕಿತ್ತು ತಗಡಿಗೆ ತಗುಲಿತು. ಹಾರ್ನ್ ಶುರುವಾಯಿತು. ಕೀ ತೆಗೆದರೂ ನಿಲ್ಲಲಿಲ್ಲ.

ಬೀದಿಯಲ್ಲಿ ಕೂತು ಅಳುತ್ತಿದ್ದವರೆಲ್ಲ ಎದ್ದು ನಿಂತರು. ಚಟ್ಟ ಕಟ್ಟುತ್ತಿದ್ದವರಲ್ಲಿ ಒಬ್ಬ ನಮ್ಮ ಕಾರನ್ನು ಮೇಲಿಂದ ಕೆಳಗೆ ನೋಡಿ, "ಚಟ್ಟ ಬ್ಯಾಡ ಕಣ್ರಲಾ, ಎಣ ಸಾಗ್ಸೋ ಗಾಡಿ ಬಂದದೆ" ಅಂದ.

ಮಳೆ ಇಲ್ಲದ ದಿನ

ಎಂಜಿನ್ ಕಡೆಯಿಂದ ಒಳಗೆ ವೈರು ಬರಲು ಇವರು ತಗಡಿನಲ್ಲಿ ತೂತು ಕೊರೆದಿದ್ದರು. ಆ ತೂತಿನ ಅಂಚು ಈಳಿಗೆಮಣೆಯಷ್ಟು ಹರಿತ. ಅಲ್ಲಿಗೊಂದು ರಬ್ಬರ್ ಬಳೆ ಹಾಕಬೇಕೆಂದು ನನಗೇ ತೋಚಿತು, ಇವರಿಗೆ ತೋಚಲಿಲ್ಲ. ಗಾಡಿ ಅಲುಗಿದಾಗೆಲ್ಲ ವೈರಿನ ಸಿಪ್ಪೆ ಸುಲಿಯುತ್ತಾ ಹೋಗಿ, ಕೊನೆಗೆ ಯಾವುದು ಯಾವುದಕ್ಕೆ ತಗುಲುತ್ತಿತ್ತೋ, ಬ್ರೇಕ್ ಒತ್ತಿದರೆ ವೈಪರ್ ಆಡುತ್ತಿತ್ತು.

ನುಗ್ಗೇಹಳ್ಳಿಗೆ ಹೋಗುವಾಗ ಚನ್ನರಾಯಪಟ್ಟಣದ ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಇವರು ಬ್ರೇಕ್ ಒತ್ತಿದರು. ಉರಿಬಿಸಿಲಿನಲ್ಲಿ ವೈಪರ್ ಎರಡೂ ಕಡೆ ತಲೆಯಾಡಿಸಿತು.

"ಏನ್ ಸಾ, ನಿಲ್ಸು ಅಂದ್ರೆ ಗಾಡಿ ಇಲ್ಲ ಇಲ್ಲ ಅಂತದೆ?" ಅಂದ ಅವನು.

ಇವರು ಅಲ್ಲೇ ಬಾನೆಟ್ ಎತ್ತಿ, ಕರೆಂಟು ಹೋಗುವ ದಾರಿ ಯಾವುದು, ವಾಪಸು ಬರುವ ದಾರಿ ಯಾವುದು ಅಂತ ಪಾಠ ಶುರು ಮಾಡಿದರು. ಹಿಂದೆ ಲಾರಿಗಳ ಸಾಲು. ಅವನು ಸಾಕಷ್ಟು ಹೊತ್ತು ಕೇಳಿ, ನನ್ನ ಕಿಟಕಿಯ ಹತ್ತಿರ ಬಂದು ಬಗ್ಗಿದ. "ಅಮ್ಮಾ, ಮನೇಲೂ ಇಂಗೇಯಾ?"

ನಾನು ಹೌದೆಂದು ತಲೆಯಾಡಿಸಿದೆ. ಅವನು ದಂಡ ಹಾಕದೆ ಬಿಟ್ಟ. "ನಾನು ವಿವರಿಸಿದ್ದಕ್ಕೆ ಬಿಟ್ಟ ನೋಡು" ಅಂತ ನಮ್ಮನೆಯವರು ನುಗ್ಗೇಹಳ್ಳಿವರೆಗೂ ಹೇಳಿಕೊಂಡರು.

ಇಲಿ

ಸುಲಿದ ವೈರಿಗೆ ಟೇಪು ಸುತ್ತಿದರೆ ಮುಗಿಯುತ್ತಿತ್ತು. ಇವರು ಹಳೇ ಪಂಚೆ ಹರಿದು, ಮೈದಾ ಅಂಟು ಸವರಿ, ಕೈಮುರಿದವರಿಗೆ ಕಟ್ಟುವ ಹಾಗೆ ಪಟ್ಟಿ ಕಟ್ಟಿದರು. ವಾರದೊಳಗೆ ಇಲಿಗಳು ಪಟ್ಟಿಯ ಜೊತೆಗೆ ಒಳಗಿನ ವೈರನ್ನೂ ಮುಗಿಸಿದವು.

ಅತ್ತೆಯವರು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಅವರ ಮಗ, ಅಂದರೆ ಇವರು, ಕಾರಿನ ಕೆಳಗೆ ಮಲಗಿ ಇಲಿಗಳಿಗೆ ಶಾಪ ಹಾಕುತ್ತಿದ್ದರು. "ಬೈಬೇಡ್ವೋ, ಪಾಪ ಬರುತ್ತೆ. ಗಣಪತಿ ವಾಹನ ನಿನ್ನ ವಾಹನ ತಿಂದಿದೆ, ಅಷ್ಟೇ ತಾನೆ" ಅಂದು ಒಳಗೆ ಹೋದರು.

ಗೊರೂರು ದಾರಿ

ಕಾರಿನಲ್ಲಿ ಫ್ಯೂಸು ಮತ್ತೆ ಮತ್ತೆ ಸುಟ್ಟುಹೋಗುತ್ತಿತ್ತು. ಎಲ್ಲೋ ತಪ್ಪಿದೆ ಅಂತ ಅದು ಬಡಕೊಳ್ಳುತ್ತಿತ್ತು, ಪಾಪ. ಇವರು ಅದನ್ನು ಕಿತ್ತು ದಪ್ಪನೆಯ ತಾಮ್ರದ ತಂತಿ ಬಿಗಿದರು. "ಇನ್ನು ಜನ್ಮದಲ್ಲಿ ಸುಡಲ್ಲ" ಅಂದರು. ನಿಜ. ಅದು ಸುಡಲಿಲ್ಲ. ಮಿಕ್ಕಿದ್ದೆಲ್ಲ ಸುಟ್ಟಿತು.

ಗೊರೂರಿನ ಕ್ವಾರ್ಟರ್ಸಿನಲ್ಲಿದ್ದ ಇವರ ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ಹಿಂದಿರುಗುತ್ತಿದ್ದೆವು. ರಬ್ಬರ್ ಸುಟ್ಟ ವಾಸನೆ ಬಂತು. "ರೀ, ಏನೋ ಸುಡ್ತಿದೆ" ಅಂದೆ. "ಗದ್ದೇಲಿ ಹುಲ್ಲು ಸುಡ್ತಿರ್ಬೇಕು" ಅಂದರು. ನನ್ನ ಕಾಲ ಬುಡದಿಂದ ಹೊಗೆ ಎದ್ದಿತು. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಸಣ್ಣದೊಂದು ಉರಿ ಕಂಡಿತು.

ಇವರು ಗಾಡಿ ನಿಲ್ಲಿಸಿ ಹಾರಿದರು. ನನ್ನ ಕಡೆಯ ಬಾಗಿಲಿಗೆ ಒಳಗೆ ಹಿಡಿ ಇರಲಿಲ್ಲ, ಹೊರಗಿನಿಂದಲೇ ತೆಗೆಯಬೇಕು. ಇವರ ಕಡೆಗೆ ದಾಟೋಣವೆಂದರೆ ಮಧ್ಯೆ ಉರಿ. ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು ಗಾಜು ಬಡಿದೆ, ಕೂಗಿದೆ. ಇವರು ಬಾನೆಟ್ ಎತ್ತಿ ಸ್ಪ್ಯಾನರ್ ತಿರುಗಿಸುತ್ತಿದ್ದರು. ಬಾನೆಟ್ ಅಡ್ಡ ಇದ್ದುದರಿಂದ ನನಗೆ ಇವರ ಮುಖವೂ ಕಾಣಲಿಲ್ಲ. ಇಲ್ಲೇ ಮುಗಿಯಿತು ಅಂದುಕೊಂಡೆ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವನೊಬ್ಬ ಹೊರೆ ಬಿಸಾಡಿ ಓಡಿಬಂದು ಬಾಗಿಲು ಕಿತ್ತು ನನ್ನನ್ನು ಹೊರಗೆಳೆದ.

ಬ್ಯಾಟರಿ ಬಿಚ್ಚಿದ ಮೇಲೆ ಉರಿ ಆರಿತು. ನಮ್ಮನೆಯವರು ಬ್ಯಾಟರಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಹೊಂಗೆ ಮರದ ನೆರಳಲ್ಲಿ ಇಟ್ಟರು. ನಾನು ಬಿಸಿಲಲ್ಲೇ ನಿಂತಿದ್ದೆ.

"ಸಾ, ಅಮ್ಮಾರ್ನೂ ವಸಿ ನೆಳ್ಳಿಗೆ ಕರ್ಕಳಿ" ಅಂದ ಹುಲ್ಲಿನವನು.

"ಬ್ಯಾಟರಿ ತೆಗೆದಿದ್ದಕ್ಕೇ ಅವಳು ಉಳಿದದ್ದು. ಇದು ವಿಜ್ಞಾನ" ಅಂದರು ಇವರು. ನನಗೆ ಆ ಹೊತ್ತಿಗೆ ವಿಜ್ಞಾನ ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ನಮ್ಮೂರಿಗೆ ಹೋಗುವ ಬಸ್ಸು ಬಂತು. ತುಂಬಿತ್ತು, ಒಂದೇ ಒಂದು ಸೀಟು ಖಾಲಿ. ನಾನು ಅದರತ್ತ ಹೋಗುವಷ್ಟರಲ್ಲಿ ಇವರು ಅದರ ಮೇಲೆ ಬ್ಯಾಟರಿ ಇಟ್ಟು, ವಾಲದಂತೆ ಕೈ ಹಿಡಿದು ಪಕ್ಕದಲ್ಲಿ ನಿಂತರು. "ಕೆಳಗಿಟ್ರೆ ಆಸಿಡ್ ಚೆಲ್ಲುತ್ತೆ."

ಕಂಡಕ್ಟರ್ ಬಂದ. "ಸೀಟ್ ಮ್ಯಾಲೆ ಕೂತದೆ, ಇದ್ಕೂ ಟಿಕೆಟ್ ತಗಳಿ ಸಾ."

"ಕೊಡಪ್ಪ, ಎರಡು ಹೊಳೆನರಸೀಪುರ. ನನಗೊಂದು, ಅದಕ್ಕೊಂದು."

ಕಂಡಕ್ಟರ್ ನನ್ನ ಕಡೆ ಕೈ ತೋರಿಸಿದ. "ಈ ಅಮ್ಮಾರು ನಿಮ್ಮೋರೇ ಅಲ್ವಾ?"

ನಮ್ಮನೆಯವರು ತಿರುಗಿ ನನ್ನನ್ನು ನೋಡಿದರು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನುವ ಮುಖ. ಅವರು ಬಾಯಿ ತೆರೆಯುವ ಮೊದಲೇ ನಾನು ಪರ್ಸಿಗೆ ಕೈ ಹಾಕಿದೆ.

"ಅಲ್ಲಪ್ಪ. ಅವರು ಅವರ ಮನೆಯವರ ಜೊತೆ ಬಂದಿದ್ದಾರೆ. ನಂದು ಬೇರೆ ಕೊಡು."