ಗುರುತು ಹೇಳಿ, ತಗೊಂಡು ಹೋಗಿ

ಪಾತ್ರೆ ತೊಳೆಯುತ್ತೇನೆ ಎಂದು ಬಾಯಿ ಬಿಟ್ಟದ್ದೇ ಎಡವಟ್ಟಾಯಿತು. ಯಾರೂ ಕೇಳಿರಲಿಲ್ಲ. ಪ್ರವಾಸದ ಕೊನೆಯ ಬೆಳಗ್ಗೆ ಒಳ್ಳೆ ಗಂಡ ಅನ್ನಿಸಿಕೊಂಡೇ ಊರಿಗೆ ಹೊರಡೋಣ ಅಂತ ಕಳಕೊಂಡಪ್ಪನಿಗೆ ತಾನಾಗಿಯೇ ಹುಮ್ಮಸ್ಸು ಬಂದಿತ್ತು.

ಕಳಕೊಂಡಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಹೆಂಡತಿಯ ತಮ್ಮ ದಯಪಾಲಿಸಿದ ಬಿರುದು. ಕೊಡೆ, ಕನ್ನಡಕ, ಟಿಫಿನ್ ಡಬ್ಬಿ ಹಾಗಿರಲಿ, ಒಮ್ಮೆ ಜಾತ್ರೆಯಂಥ ಜನಸಂದಣಿಯಲ್ಲಿ ಖುದ್ದು ಮಾವನವರನ್ನೇ ಕಳೆದು ಬಂದ ಪುಣ್ಯಾತ್ಮ. ಇಂಥವನಿಗೆ ಸಿಕ್ಕ ನೌಕರಿಯಾದರೂ ಯಾವುದು? ರೈಲ್ವೆಯಲ್ಲಿ, ಕಳೆದುಹೋದ ಸಾಮಾನುಗಳ ವಿಭಾಗದ ಹಿರಿಯ ಗುಮಾಸ್ತ! ಕೌಂಟರಿನ ಆಚೆ ಯಾರು ನಿಂತು ಗೋಳಾಡಿದರೂ ಈತನದು ಒಂದೇ ಮಾತು: "ಗುರುತು ಹೇಳಿ, ತಗೊಂಡು ಹೋಗಿ."

ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಪುಟ್ಟ ಗಾಲಿಮನೆ, ಅಂದರೆ ಕ್ಯಾರವಾನು, ಭಾವಮೈದನದು. ಕೊಡುವಾಗಲೇ ಅವನು ಎಲ್ಲರ ಮುಂದೆ ಹೇಳಿದ್ದ, "ಭಾವ, ಒಂದೇ ಒಂದು ಸಾಮಾನೂ ಕಳೀದೆ ವಾಪಸ್ ಬಂದ್ಬಿಡಿ. ಜನ್ಮದಲ್ಲಿ ಆ ಹೆಸರು ಎತ್ತಲ್ಲ." ಅಂದಿನಿಂದ ಕಳಕೊಂಡಪ್ಪನಿಗೆ ಪ್ರವಾಸ ಹೋಗಿ ತಪಸ್ಸಾಯಿತು. ಕಡಲತೀರದ ಉದ್ದಕ್ಕೂ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದ. ಹೆಂಡತಿ ಸೂರ್ಯಾಸ್ತ ನೋಡಿದಳು, ಈತ ಬ್ಯಾಗು ನೋಡಿದ.

ಕಡಲು ಬಿಟ್ಟು ಒಳನಾಡಿಗೆ ತಿರುಗಿದರೆ ಹಳೆ ಚಿನ್ನದ ಗಣಿಗಳ ಸೀಮೆ. ಚಿನ್ನವನ್ನು ಅಜ್ಜಂದಿರ ಕಾಲದಲ್ಲೇ ಬಳಿದು ಒಯ್ದಾಗಿತ್ತು. ಉಳಿದದ್ದು ಗುಂಡಿಗಳು, ಜಲ್ಲಿ ಗುಡ್ಡೆಗಳು, ಮತ್ತು ತಮಗಾಗಿ ಒಂದು ಚೂರಾದರೂ ಉಳಿದಿದ್ದೀತು ಎಂದು ನಂಬಿದ ನಿವೃತ್ತರು. ಕ್ಯಾರವಾನು ನಿಲ್ಲಿಸುವ ಮೈದಾನದ ತುಂಬ ಅವರೇ. ಎಡಗಡೆ ರಿಟೈರ್ಡ್ ಬಸ್ ಡ್ರೈವರ್ ದಂಪತಿ. ಡ್ರೈವರ್ ಬಳಿ ಲೋಹ ಸಿಕ್ಕರೆ ಕುಂಯ್‌ಗುಡುವ ಯಂತ್ರವೊಂದಿತ್ತು. ಬಲಗಡೆ ರಿಟೈರ್ಡ್ ಹೆಡ್‌ಮಿಸ್ಸು. ಹಿಂದಿನ ಸಂಜೆ ಚಹಾ ಕುಡಿಯುತ್ತ ಕಳಕೊಂಡಪ್ಪ ಇವರಿಗೆಲ್ಲ ತನ್ನ ಕೆಲಸದ ಕಟ್ಟುನಿಟ್ಟನ್ನು ಕೊಚ್ಚಿಕೊಂಡಿದ್ದ. "ಗುರುತು ತಪ್ಪಿದ್ರೆ ಸ್ವಂತ ಅಪ್ಪನಿಗೂ ಕೊಡಲ್ಲ ನಾನು!"

ಸರಿ, ಪಾತ್ರೆಗೆ ಬರೋಣ. ಕ್ಯಾರವಾನಿನ ಪುಟ್ಟ ಸಿಂಕಿನ ಅಂಚಿನಲ್ಲಿ, ಸೋಪಿನ ಪಕ್ಕ, ಹೆಂಡತಿಯ ಉಂಗುರವಿತ್ತು. ಅವಳ ತಾಯಿಯ ಉಂಗುರ. ಆಗಲೇ ಕಿಟಕಿಯಲ್ಲಿ ಡ್ರೈವರ್ ಮುಖ ತೂರಿತು. "ಏನ್ ಸ್ವಾಮಿ, ಪಾತ್ರೇನಾ? ಕೆಳಗಿನ ಬಕೆಟ್ ತುಂಬ್ತಾ ಇದೆ, ನೋಡ್ಕೊಂಡ್ರಾ? ನೀರು ಆ ಮರದ ಬುಡಕ್ಕೆ ಚೆಲ್ಲಿ. ನಾನು ಯಾವಾಗ್ಲೂ ಅಲ್ಲೇ ಚೆಲ್ಲೋದು."

ಸಿಂಕಿನ ನೀರು ಕೊಳವೆಯಲ್ಲಿ ಇಳಿದು ಕ್ಯಾರವಾನಿನ ಅಡಿಯ ಬಕೆಟ್ಟಿಗೆ ಬೀಳುತ್ತಿತ್ತು. ಕಳಕೊಂಡಪ್ಪ ವಿಧೇಯನಾಗಿ ಒಯ್ದು ಚೆಲ್ಲಿ ಬಂದ. ಬಂದು ನೋಡಿದರೆ ಸೋಪಿತ್ತು, ಉಂಗುರವಿರಲಿಲ್ಲ.

ಜಾರಿ, ಚೆಲ್ಲಿದ ನೀರಿನ ಜೊತೆಗೇ ಹೋಗಿರಬೇಕು! ಹೆಂಡತಿ ಬಟ್ಟೆ ಒಗೆಯಲು ಹೋಗಿದ್ದಳು. ಅವಳು ಬರುವುದರೊಳಗೆ ಸಿಕ್ಕರೆ ಬದುಕಿದೆ ಎಂದುಕೊಂಡು ಓಡಿದ. ಮರದ ಬುಡದಲ್ಲಿ ಕೆಸರು, ಜಲ್ಲಿ, ಅನ್ನದ ಅಗುಳು. ಕೆದಕಲು ಕೈಗೆ ಸಿಕ್ಕಿದ್ದು ಜೇಬಿನಲ್ಲಿದ್ದ ಕಾರಿನ ಕೀ. ಅದರಲ್ಲೇ ಕೆದಕತೊಡಗಿದ.

"ಏನ್ ಹುಡುಕ್ತಿದ್ದೀರಿ?" ಹಿಂದೆ ಹೆಡ್‌ಮಿಸ್ಸು.

ಉಂಗುರ ಎಂದರೆ ಸುದ್ದಿ ಹೆಂಡತಿಗೆ, ಅಲ್ಲಿಂದ ಭಾವಮೈದನಿಗೆ. "ಹೀಗೇ... ಏನೋ ಹಳದಿ ಬಣ್ಣ ಕಂಡ ಹಾಗಾಯ್ತು," ಎಂದುಬಿಟ್ಟ.

ಚಿನ್ನದ ಸೀಮೆಯಲ್ಲಿ ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಅದೇ. ಹೆಡ್‌ಮಿಸ್ಸು ಮಂಡಿನೋವು ಮರೆತು ಓಡಿ ಜರಡಿ ತಂದರು. ಡ್ರೈವರ್ ಯಂತ್ರ ತಂದ. ಕಣ್ಣು ಮಿಟುಕಿಸುವುದರಲ್ಲಿ ಮೈದಾನವೇ ಅಲ್ಲಿ ನೆರೆದಿತ್ತು, ಒಬ್ಬರ ಕೈಯಲ್ಲಿ ಸನಿಕೆ, ಇನ್ನೊಬ್ಬರ ಕೈಯಲ್ಲಿ ಸಾರಿನ ಸೌಟು.

"ಸ್ವಲ್ಪ ಜರುಗ್ರೀ," ಎಂದು ಡ್ರೈವರ್ ಕಳಕೊಂಡಪ್ಪನನ್ನು ಭುಜ ಹಿಡಿದು ಎಬ್ಬಿಸಿ, ಕೈಗೊಂದು ಜರಡಿ ತುರುಕಿದ. "ನೀವು ಗುಮಾಸ್ತರು, ಅಗೆಯೋದು ನಮಗೆ ಬಿಡಿ."

ಒಬ್ಬರು ಅಗೆದ ಮಣ್ಣು ಇನ್ನೊಬ್ಬರ ಗುಂಡಿಗೆ, ಅವರದು ಮತ್ತೊಬ್ಬರ ಗುಂಡಿಗೆ. ಮರದ ಬುಡ ಹಂದಿ ಹೊಕ್ಕ ಗೆಣಸಿನ ತೋಟದ ಹಾಗಾಯಿತು. ಕಳಕೊಂಡಪ್ಪ ಎಲ್ಲರ ಕಾಲ ಸಂದಿಯಲ್ಲಿ ನುಸುಳುತ್ತ, ಒಳಗೊಳಗೇ ಅಳುತ್ತ, ಜರಡಿ ಹಿಡಿದ.

"ಸಿಕ್ತು!" ಎಂದು ಹೆಡ್‌ಮಿಸ್ಸು ಕಿರುಚಿದರು. ಕೆಸರಿನಲ್ಲಿ ಒಂದು ಮಿಂಚು. "ಅಯ್ಯೋ, ಇದು ಉಂಗುರ!"

"ನನ್ನ ಹೆಂಡತೀದು!" ಕಳಕೊಂಡಪ್ಪ ಕೈ ಚಾಚಿ ಹಾರಿದ. ಮಾನ, ಹೆಸರು, ಭಾವಮೈದ, ಎಲ್ಲ ಮರೆತೇಹೋಗಿತ್ತು. ಹೆಡ್‌ಮಿಸ್ಸು ಮುಷ್ಟಿ ಬಿಗಿಹಿಡಿದರು. ಕನ್ನಡಕದ ಮೇಲಿಂದ ನೋಡಿ ಅಂದರು, "ಗುರುತು ಹೇಳಿ, ತಗೊಂಡು ಹೋಗಿ."

ಎಲ್ಲರೂ ಹತ್ತಿರ ಸರಿದರು. ಒಗೆದ ಬಟ್ಟೆಯ ಬಕೆಟ್ ಹಿಡಿದು ಹೆಂಡತಿಯೂ ಬಂದು ನಿಂತಳು. "ಹೇಳಿ, ನಾನೂ ಕೇಳೋಣ."

"ಅದು... ದುಂಡಗಿದೆ."

"ಎಲ್ಲ ಉಂಗುರಾನೂ ದುಂಡಗೇ ಇರುತ್ತೆ. ಕಲ್ಲು?" ಹೆಡ್‌ಮಿಸ್ಸಿನ ದನಿಯಲ್ಲಿ ಮೌಖಿಕ ಪರೀಕ್ಷೆ.

"ಇದೆ. ಕೆಂಪು." ಸುತ್ತಲೂ ನೋಡಿದ. "ಕೆಂಪು ಅಂದ್ರೆ... ಬಿಳಿ?"

ಹೆಂಡತಿ ಬಕೆಟ್ ಕೆಳಗಿಟ್ಟು ಬಲಗೈ ಎತ್ತಿದಳು. ಬೆರಳಲ್ಲಿ ಉಂಗುರ ಹಾಯಾಗಿ ಕೂತಿತ್ತು. "ನಂದಕ್ಕೆ ಕಲ್ಲೇ ಇಲ್ಲ ಕಣ್ರೀ! ನೀವು ಆ ಬಕೆಟ್ ಎತ್ಕೊಂಡು ಹೊರಗೆ ಹೋದ್ರಲ್ಲ, ಆಗ ಉಳಿದ ಬಟ್ಟೆ ಒಯ್ಯೋಕೆ ಬಂದಿದ್ದೆ, ಸದ್ಯ ನಿಮ್ಮ ಕೈಗೆ ಸಿಗದಿರ್ಲಿ ಅಂತ ತೆಗೆದು ಹಾಕ್ಕೊಂಡೆ. ಮದುವೆಯಾದಾಗಿನಿಂದ ಇದೇ ಕೈಯಲ್ಲಿ ಬಡಿಸ್ತಿದ್ದೀನಿ. ತಟ್ಟೆ ಬಿಟ್ಟು ಬೇರೇನೂ ನೋಡ್ಲಿಲ್ವಾ?" ಅವಳಿಗೆ ನಿಜವಾಗಿಯೂ ನೋವಾಗಿತ್ತು.

ಹಿಂದಿನಿಂದ ಡ್ರೈವರ್ ಹೆಂಡತಿಯ ದನಿ ಕೇಳಿತು. "ಹಸಿರು ಕಲ್ಲು. ಒಂದು ಮೂಲೆ ಚೂರಾಗಿದೆ." ಹೆಡ್‌ಮಿಸ್ಸು ಮುಷ್ಟಿ ಬಿಚ್ಚಿದರೆ ಸರಿಯಾಗಿ ಅದೇ. ಆಕೆ ಗಂಡನ ಕಡೆ ತಿರುಗಿದಳು. "ಹೋದ್ಸಲ ಇಲ್ಲಿಗೆ ಬಂದಾಗ ನನ್ನುಂಗುರ ಕಾಗೆ ಕಚ್ಕೊಂಡು ಹೋಯ್ತು ಅಂದ್ರಲ್ಲ! ಪಾತ್ರೆ ನೀರು ಯಾವಾಗ್ಲೂ ಅಲ್ಲೇ ಚೆಲ್ಲೋದಾ?" ಡ್ರೈವರ್ ಯಂತ್ರದ ಗುಂಡಿಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ.

ಕಳಕೊಂಡಪ್ಪನ ತಲೆಗೆ ವಿಷಯ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಅಂದರೆ ತಾನು ಏನನ್ನೂ ಕಳೆದಿಲ್ಲ! ತಕ್ಷಣ ಭಾವಮೈದನಿಗೆ ಫೋನು ಹಚ್ಚಿದ. "ಕೇಳಪ್ಪಾ, ಒಂದು ಗುಂಡುಸೂಜಿ ಕೂಡ ಕಳೆದಿಲ್ಲ! ಬೇಕಾದ್ರೆ ನಿಮ್ಮಕ್ಕನ್ನೇ ಕೇಳು. ಈಗ ಹೊರಟೆವು, ಸಂಜೆಗೆ ಮನೇಲಿರ್ತೀವಿ."

"ಹೊರಡೋಣ ನಡೀರಿ," ಎಂದಳು ಹೆಂಡತಿ ಕಣ್ಣೊರೆಸಿಕೊಂಡು. "ಕೀ ಕೊಡಿ, ಬಟ್ಟೆ ಡಿಕ್ಕೀಲಿ ಇಡ್ತೀನಿ."

ಕಳಕೊಂಡಪ್ಪ ಜೇಬು ಮುಟ್ಟಿಕೊಂಡ. ಇನ್ನೊಂದು ಜೇಬು ಮುಟ್ಟಿಕೊಂಡ. ಆಮೇಲೆ ನಿಧಾನವಾಗಿ ಮರದ ಬುಡದ ಕಡೆ ನೋಡಿದ. ಅಗೆದು, ಮುಚ್ಚಿ, ಮತ್ತೆ ಅಗೆದ ಅಷ್ಟಗಲ ಮಣ್ಣು.

"ಭಾವ? ಭಾವ, ಇದ್ದೀರಾ?" ಫೋನು ಇನ್ನೂ ಮಾತಾಡುತ್ತಿತ್ತು.

ತನ್ನ ಹೆಂಡತಿಯ ಕಣ್ಣು ತಪ್ಪಿಸಿಕೊಳ್ಳಲು ಕಾರಣ ಹುಡುಕುತ್ತಿದ್ದ ಡ್ರೈವರ್‌ಗೆ ಜೀವ ಬಂತು. ಯಂತ್ರ ಚಾಲೂ ಮಾಡಿ, ಫೋನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದ, "ಕಾರಿನ ಕೀನಾ ಸ್ವಾಮಿ? ಗುರುತು ಹೇಳಿ!"